ಸದನದಲ್ಲಿ ನಮ್ಮ ಬಾಯ್ಲರ್

ಶೀಘ್ರಲಿಪಿಗಾರರ ಕೋಣೆ
ಮಂಗಳವಾರ, ಮಧ್ಯಾಹ್ನ

ನನ್ನ ಹಟಮಾರಿ ಅಮ್ಮನಿಗೆ ಮಗಳ ನಮಸ್ಕಾರ.

ಈಗಷ್ಟೇ ಸದನದಿಂದ ಹೊರಬಂದೆ. ಅವಸರದಲ್ಲಿ ಗೀಚುತ್ತಿದ್ದೇನೆ, ಅಕ್ಷರ ಕಾಗೆ ಕಾಲಾದರೆ ಬೈಯಬೇಡ. ಒಳಗೆ ಫೋನ್ ತರುವಂತಿಲ್ಲ, ಅದಕ್ಕೇ ಈ ಕಾಗದ. ಲಾಂಡ್ರಿಗಳ ಹಳೇ ಆವಿ ಬಾಯ್ಲರುಗಳನ್ನೆಲ್ಲ ಈ ವರ್ಷವೇ ಬದಲಿಸಬೇಕೆಂಬ ನಿಯಮ ಇವತ್ತು ಚರ್ಚೆಗೆ ಬಂತು. "ಅದು ಬಂದ್ರೆ ಲಾಂಡ್ರಿಗೆ ಬೀಗ ಹಾಕೋದೇ" ಎಂದು ಗೋಳಾಡಿದ್ದೆಯಲ್ಲ, ಅದೇ.

ಇಷ್ಟು ದಿನ ಇಲಾಖೆ ಬರೆದದ್ದೇ ವೇದವಾಕ್ಯ. ಈಗ ಹೊಸ ಕಾನೂನು ಬಂದಿದೆ: ಜನರ ಜೇಬಿಗೆ ದೊಡ್ಡ ಹೊರೆಯಾಗುವ ಯಾವ ನಿಯಮವೂ ಸದನ ಒಪ್ಪದೆ ಜಾರಿಯಾಗುವಂತಿಲ್ಲ. ಇವತ್ತು ಅದರ ಮೊದಲ ಪರೀಕ್ಷೆ.

ಏನು ಹೇಳಲಿ ಅಮ್ಮ! ಕಾರಿಡಾರಿನಲ್ಲಿ ನಮ್ಮತ್ತ ಕಣ್ಣೆತ್ತಿಯೂ ನೋಡದ ಮಂತ್ರಿಗಳು ಕೈಕಟ್ಟಿ ನಿಂತು ಒಪ್ಪಿಗೆ ಕೇಳಿದರು. ಹಿಂದಿನ ಸಾಲಿನ ಸದಸ್ಯರೊಬ್ಬರಿಗೆ ನಾವಿಟ್ಟ ಹೆಸರು ಗೊರಕೆ ಮಾವ. ಅವರೂ ಇವತ್ತು ರೆಪ್ಪೆ ಬಡಿಯದೆ ಕೂತಿದ್ದರು! ಎದ್ದು, ಬೀದಿ ಬದಿಯ ಲಾಂಡ್ರಿಯವಳು ಅಷ್ಟು ಹಣ ಎಲ್ಲಿಂದ ತರಬೇಕೆಂದು ಕೇಳಿದರು. ಆವಿ ಬಡಿದು ಕೈ ಸುಟ್ಟುಕೊಂಡವಳನ್ನೂ ಒಮ್ಮೆ ಕೇಳಿ ನೋಡಿ ಎಂದರು ಮಂತ್ರಿಗಳು. ನೀನು ಸದಾ ಉದ್ದ ತೋಳಿನೊಳಗೆ ಮುಚ್ಚಿಡುವ ಆ ಸುಟ್ಟ ಕಲೆ ನೆನಪಾಗಿ ನನ್ನ ಪೆನ್ನು ಒಂದು ಕ್ಷಣ ನಿಂತೇಬಿಟ್ಟಿತು.

ಅಷ್ಟೆತ್ತರದ ಗುಮ್ಮಟದ ಕೆಳಗೆ, ನಿನ್ನ ಹೆಸರೂ ಗೊತ್ತಿಲ್ಲದೆ, ಎರಡು ಪಕ್ಷದವರೂ ನಿನ್ನ ವಿಷಯವನ್ನೇ ಮಾತಾಡುತ್ತಿದ್ದರು. ಮೈ ಜುಮ್ಮೆಂದಿತು. ನಮ್ಮ ಕೆಲಸದಲ್ಲಿ ಮುಖ ಗೋಡೆಯ ಹಾಗಿರಬೇಕು. ನನ್ನ ಗೋಡೆ ಮಾತ್ರ ಒದ್ದೆಯಾಗಿತ್ತು.

ನಿಯಮದ ಪರವಾಗಿರುವವರು ಎದ್ದು ನಿಲ್ಲಿ ಎಂದರು ಸಭಾಧ್ಯಕ್ಷರು. ಕುರ್ಚಿಗಳು ಸರಿದವು. ಅಷ್ಟರಲ್ಲಿ ನನ್ನ ಸರದಿ ಮುಗಿಯಿತು. ಮುಂದಿನವಳು ಬಂದು ಭುಜ ಮುಟ್ಟಿದರೆ ಆಕಾಶ ಕಳಚಿಬಿದ್ದರೂ ಎದ್ದು ಹೋಗಬೇಕು, ಇಲ್ಲಿಯ ಪದ್ಧತಿಯೇ ಹಾಗೆ. ಎಷ್ಟು ಜನ ಎದ್ದರೋ ತಿರುಗಿ ನೋಡಲೂ ಆಗಲಿಲ್ಲ.

ಗೋಡೆಯಾಚೆ ಈಗ ಎಣಿಕೆ ನಡೆದಿದೆ. ನೀನು ಇಸ್ತ್ರಿ ಹಾಕುತ್ತಲೇ ದೇವರಿಗೆ ಮೊರೆಯಿಡುತ್ತಿರುತ್ತೀಯ. ನಾನೂ ಬೇಡಿಕೊಳ್ಳುತ್ತಿದ್ದೇನೆ.

ನಿನ್ನ
ಗೀಚುಗುಬ್ಬಿ

ತಾ.ಕ.: ನಿಯಮ ಸದನದಲ್ಲಿ ಬಿದ್ದುಹೋಯಿತು. ನೀನು ಗೆದ್ದೆ. ನಾನು ಬೇಡಿಕೊಂಡದ್ದು ಇದನ್ನಲ್ಲ ಅಮ್ಮ. ಆ ಬಾಯ್ಲರ್ ಬದಲಿಸು ಎಂದು ನಿನಗೆ ಹೇಳುವ ಕಾನೂನು ಇನ್ನಿಲ್ಲ, ಹೇಳಲು ಉಳಿದವಳು ನಾನೊಬ್ಬಳೇ. ಭಾನುವಾರ ಬರುತ್ತೇನೆ. ಜಗಳಕ್ಕೆ ಸಿದ್ಧವಾಗಿರು.