ಬಣ್ಣಕ್ಕೆ ಎರಡು ದಿನ

ಪ್ರೀತಿಯ ಅಣ್ಣ,

ನೀನು ಹೋಗಿ ಹದಿನಾರು ವರ್ಷವಾದ ಮೇಲೆ ಕಾಗದ ಬರೆಯುತ್ತಿದ್ದೇನೆ. "ಕಾಗೆಕಾಲು, ನಿನ್ನ ಅಕ್ಷರ ಓದೋಕೆ ದೇವರೇ ಇಳಿದು ಬರಬೇಕು" ಎನ್ನುತ್ತಿದ್ದೆಯಲ್ಲ, ಈಗ ನೀನೇ ಅವನ ಹತ್ತಿರ ಇದ್ದೀಯ, ಓದಿಸಿಕೋ.

ಇವತ್ತು ನನಗೆ ಅನ್ನ ಹಾಕುತ್ತಿರುವುದೂ ಅದೇ ಕಾಗೆಕಾಲು. ಶೀಘ್ರಲಿಪಿ ಕಲಿತೆ. ವಿಷಾನಿಲ, ರೋಗಾಣುಗಳ ಅಸ್ತ್ರಗಳನ್ನು ಯಾವ ದೇಶವೂ ಮಾಡದಂತೆ ತಡೆಯುವ ಮಾತುಕತೆಗಳಲ್ಲಿ ನಡಾವಳಿ ಬರೆಯುತ್ತೇನೆ. ಉದ್ದನೆಯ ಮೇಜು, ನೀರಿನ ಲೋಟಗಳು, ಸೂಟು ತೊಟ್ಟ ಪ್ರತಿನಿಧಿಗಳು. ಯಾರು ಏನೇ ಹೇಳಿದರೂ ಬರೆದುಕೊಳ್ಳಬೇಕು, ನಾನು ಮಾತ್ರ ತುಟಿ ಬಿಚ್ಚುವಂತಿಲ್ಲ. ಮಾತಿನಮಲ್ಲಿಗೆ ಎಂಥ ಶಿಕ್ಷೆ ನೋಡು.

ಈ ವಾರದ ಚರ್ಚೆ ಒಂದೇ. ಕಾರ್ಖಾನೆಯ ತಪಾಸಣೆಗೆ ಹೋಗುವವರು ಎಷ್ಟು ಮುಂಚೆ ತಿಳಿಸಬೇಕು? ಕೆಲವರು ಆರು ಗಂಟೆ ಎಂದರು, ಕೆಲವರು ಎರಡು ದಿನ ಎಂದರು. ಕಳ್ಳನಿಗೆ ಹೇಳಿಕಳಿಸಿ ಹಿಡಿಯಲು ಹೋಗುವ ಜಾಣತನ. ನಾನು ತಲೆ ತಗ್ಗಿಸಿ ಬರೆಯುತ್ತಿದ್ದೆ, ಮೂಗಿಗೆ ಹಸಿ ಬಣ್ಣದ ವಾಸನೆ ಬಡಿಯುತ್ತಿತ್ತು. ಆ ಕೋಣೆಗೆ ಬಣ್ಣ ಬಳಿದು ಯಾವ ಕಾಲವಾಯಿತೋ.

ನಿನ್ನ ಕಾರ್ಖಾನೆಗೂ ತಪಾಸಣೆಗೆ ಮುಂಚೆ ಎರಡು ದಿನ ಸಿಕ್ಕಿತ್ತು. ಹೊರಗೆ ಹುಳುವಿನ ಔಷಧಿಯ ಫಲಕ. ಹಿಂದಿನ ಶೆಡ್ಡಿನಲ್ಲಿ ಏನು ಮಾಡುತ್ತಿದ್ದರೆಂದು ಪೇಂಟರಾದ ನಿನಗೆ ಯಾರೂ ಹೇಳಿರಲಿಲ್ಲ. ಆ ಶೆಡ್ಡಿನ ಗೋಡೆ ಕೆರೆದು, ತೊಳೆದು, ಎರಡು ಕೋಟ್ ಹೊಡೆ ಎಂದರು. ಮೂಗಿಗೆ ಕರ್ಚೀಫು ಕಟ್ಟಿಕೊಂಡು ಕೆರೆದೆ. "ಮದುವೆ ಮನೆ ಥರ ಮಾಡಿಟ್ಟಿದೀನಿ ಕಣೇ, ಬಂದೋರು ಬೆರಗಾಗ್ಬೇಕು" ಎಂದು ಕೆಮ್ಮುತ್ತಲೇ ನಕ್ಕೆ. ಬಂದವರು ಬಿಳಿ ಗೋಡೆ ನೋಡಿ ಸಹಿ ಹಾಕಿ ಹೋದರು. ಹನ್ನೊಂದನೆಯ ದಿನ ನಿನ್ನ ಉಸಿರು ನಿಂತಿತು.

ಮ್ಯಾನೇಜರು ಮನೆಗೇ ಬಂದರು. "ಆಸ್ತಮಾ ಇತ್ತು ಅಂತ ಬರೆದುಬಿಡಮ್ಮ. ನಿಮ್ಮಪ್ಪನಿಗೂ ನಮ್ಮಲ್ಲೇ ಕೆಲಸ ಅಲ್ವಾ?" ಅಪ್ಪ ನೆಲ ನೋಡುತ್ತಿದ್ದರು. ಮರಣ ನೋಂದಣಿಯ ಅರ್ಜಿ ತುಂಬಿದ್ದು ನಾನು. ನಿನಗೆ ನೆಗಡಿಯೂ ಅಪರೂಪವಾಗಿತ್ತು ಅಣ್ಣ, ಆದರೂ ಬರೆದೆ. ಅವತ್ತು ಮಾತ್ರ ಅಕ್ಷರ ದುಂಡಗೆ ಬಂತು. ಅಂದಿನಿಂದ ಆ ವಾಸನೆ ನನ್ನ ಬೆನ್ನು ಬಿಟ್ಟಿಲ್ಲ.

ನಿನ್ನೆ ಹಿರಿಯ ಪ್ರತಿನಿಧಿಯೊಬ್ಬರು, "ಎರಡು ದಿನದಲ್ಲಿ ಯಾರ್ರೀ ಏನು ಮುಚ್ಚಿಡ್ತಾರೆ?" ಎಂದರು. ಎಲ್ಲರೂ ನಕ್ಕರು. ನನ್ನ ಬಾಯಿಂದ ಬಂದೇಬಿಟ್ಟಿತು: "ನಮ್ಮಣ್ಣ ಮುಚ್ಚಿಟ್ಟ. ಗೋಡೆ ಕೆರೆದು ಬಣ್ಣ ಹೊಡೆದ. ಹನ್ನೊಂದು ದಿನಕ್ಕೆ ಸತ್ತ."

ನಗು ನಿಂತಿತು. ಅಧ್ಯಕ್ಷರು ಕನ್ನಡಕ ತೆಗೆದು ಮೆಲ್ಲಗೆ, "ಇದನ್ನ ನಡಾವಳಿಯಿಂದ ತೆಗೆದುಹಾಕಿ. ಬರೆಯೋರ ಮಾತು ಲೆಕ್ಕಕ್ಕಿಲ್ಲ" ಎಂದರು.

ತೆಗೆಯಬೇಕಾದವಳೂ ನಾನೇ. ಬೆಳಿಗ್ಗೆ ಆ ಮೂರು ವಾಕ್ಯಗಳ ಮುಂದೆ ತುಂಬ ಹೊತ್ತು ಕುಳಿತೆ. ನಿನ್ನ ಹತ್ತಿರ ಸುಳ್ಳೇಕೆ, ಕೆಲಸ ಹೋಗುವ ಭಯವೂ ಇತ್ತು. ಕೊನೆಗೆ ಕೆಳಗೆ ಸಹಿ ಹಾಕಿ, ಎಲ್ಲರ ಮೇಜಿನ ಮೇಲೂ ಒಂದೊಂದು ಪ್ರತಿ ಇಟ್ಟು ಬಂದೆ. ಮೂರೂ ವಾಕ್ಯ ಅಲ್ಲೇ ಇವೆ. ನಾಲ್ಕನೆಯದನ್ನು ನಾನೇ ಸೇರಿಸಿದ್ದೇನೆ: ಅವನಿಗೆ ಆಸ್ತಮಾ ಇರಲಿಲ್ಲ.

ನೀನಿರುವ ಕಡೆ ಕೆರೆಯಲು ಗೋಡೆಗಳಿಲ್ಲದಿರಲಿ, ಎದೆ ತುಂಬ ಉಸಿರು ಸಿಗಲಿ.

ತಡವಾಗಿ ಬಾಯಿಬಿಟ್ಟ ನಿನ್ನ ತಂಗಿ,
ಕಾಗೆಕಾಲು