ಅಜ್ಜಿಯ ಸೀಗಡಿ ವಸ್ತ್ರ

ವಾಯಿಂಗಾಪು, ಸುಂಬಾ
೧೪ ಆಗಸ್ಟ್ ೨೦೧೯

ಮಗಳೇ ಮಾರ್ಲಿನ್,

ಹೋದ ವರ್ಷದ ನಿನ್ನ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಸಿಟ್ಟು ಇಳಿಯಲಿ ಎಂದು ಕಾದೆ, ಇಳಿಯಲಿಲ್ಲ. ಅಜ್ಜಿ ತನ್ನ ಸಾವಿಗೆಂದೇ ನೇಯ್ದಿಟ್ಟುಕೊಂಡಿದ್ದ ಸೀಗಡಿ ಚಿತ್ತಾರದ ವಸ್ತ್ರವನ್ನು ಇನ್ನು ಜಗತ್ತಿನ ಯಾರು ಬೇಕಾದರೂ ಫೋನಿನಲ್ಲಿ ನೋಡಬಹುದು ಎಂದು ಹಿಗ್ಗಿ ಬರೆದಿದ್ದೆ. ನೋಡಲಿ. ಉಡಬೇಕಾದವಳು ಮಾತ್ರ ಅದಿಲ್ಲದೆ ಕೂತಿದ್ದಾಳೆ.

ಸತ್ತ ನಿನ್ನಜ್ಜಿಯನ್ನು ಇನ್ನೂ ಹೂಳದೆ, ನಮ್ಮ ಪದ್ಧತಿಯಂತೆ ಮುಂಗೋಣೆಯಲ್ಲೇ ಕೂರಿಸಿದ್ದೇವೆ, ಬಟ್ಟೆಯ ಮೇಲೆ ಬಟ್ಟೆ ಸುತ್ತಿ. ಬಂದವರು ಇನ್ನೊಂದು ಹೊದಿಸಿ, ಎಲೆ ಅಡಿಕೆ ಹಾಕಿಕೊಂಡು, ಸೀಗಡಿಯದು ಎಲ್ಲಿ ಎಂದು ಕೇಳುತ್ತಾರೆ. ಅದನ್ನು ಕಂಡೇ ಅಲ್ಲವೇ ಸತ್ತ ಹಿರಿಯರು ಇವಳು ನಮ್ಮವಳು ಎಂದು ಒಳಗೆ ಕರೆದುಕೊಳ್ಳುವುದು? ಅದಿಲ್ಲದೆ ಹೂಳುವುದು ಹೇಗೆ? ಬಲಿಗೆಂದು ತಂದ ಕೋಣಗಳು ಸುಮ್ಮನೆ ಮೇದು ಕೊಬ್ಬಿವೆ.

ಫೋಟೋ ತೆಗೆದು ಒಂದು ವಾರದಲ್ಲಿ ಕೊಡುತ್ತೇವೆ ಎಂದು ಜಕಾರ್ತಾದ ನಿಮ್ಮ ಸಂಗ್ರಹಾಲಯಕ್ಕೆ ಒಯ್ದವಳು ನೀನೇ. ಮೊಮ್ಮಗಳ ಕೈಗೆ ಕೊಡುವುದಕ್ಕೆ ಯೋಚನೆ ಏನು ಎಂದು ಅಜ್ಜಿಯೂ ತೆಗೆದುಕೊಟ್ಟಳು. ಅವಳು ಸತ್ತ ಮೇಲೆ ಕೇಳಿದರೆ, ಅದೀಗ ಸಂಗ್ರಹಾಲಯದ ಸ್ವತ್ತು, ಮಣ್ಣಿಗೆ ಹಾಕಲು ಕೊಡುವುದಿಲ್ಲ, ಬೇಕಾದರೆ ದೊಡ್ಡ ಫೋಟೋ ಮಾಡಿ ಕಟ್ಟು ಹಾಕಿಸಿ ಕಳಿಸುತ್ತೇವೆ ಎಂದರಂತೆ ನಿಮ್ಮ ನಿರ್ದೇಶಕರು. ಓದಿ ನಿನ್ನ ಚಿಕ್ಕಪ್ಪ ಉಂಬು ನ್ದಿಲು ಹೊಟ್ಟೆ ಹಿಡಿದುಕೊಂಡು ನಕ್ಕ. "ಹಂಗಾದ್ರೆ ಅತ್ತಿಗೆ, ಅಮ್ಮಂದೂ ಒಂದು ಫೋಟೋ ತೆಗ್ದು ಅದನ್ನೇ ಹೂತುಬಿಡಣ. ಅಮ್ಮ ಇಲ್ಲೇ ಕೂತಿರ್ಲಿ" ಅಂದ. ಆಮೇಲೆ ಹಿತ್ತಿಲಿಗೆ ಹೋಗಿ ಅತ್ತ.

ನನಗೆ ಮೈಯೆಲ್ಲ ಉರಿಯುತ್ತದೆ ಮಗಳೇ. ಊರಿಗೆಲ್ಲ ಬಾಗಿಲು ತೆರೆದಿದ್ದೇವೆ ಎನ್ನುತ್ತೀರಿ, ನೇಯ್ದವಳ ಪಾಲಿಗೆ ಬೀರುವಿಗೆ ಬೀಗ ಹಾಕುತ್ತೀರಿ. ಇದು ಯಾವ ನ್ಯಾಯ? ಕೆಲಸ ಹೋದೀತೆಂದು ನೀನು ಬಾಯಿ ಮುಚ್ಚಿಕೊಂಡಿದ್ದೀಯ, ಗೊತ್ತು. ಬೈಯಬಾರದು ಎಂದುಕೊಂಡೇ ಬರೆಯಲು ಕೂತೆ, ಬೈದಾಯಿತು.

ನವೆಂಬರಿಗೆ ಮಳೆ ಹಿಡಿಯುತ್ತದೆ, ಅದಕ್ಕೆ ಮೊದಲು ಅವಳನ್ನು ಕಳಿಸಿಕೊಡಬೇಕು. ರಜೆ ಹಾಕಿ ಬಾ.

ನಿನ್ನ ತಾಯಿ,
ರಂಬು ಹಮು

ತಾ.ಕ.: ಜೊತೆಗಿರುವ ಗಂಟನ್ನು ಒಬ್ಬಳೇ ಇದ್ದಾಗ ಬಿಚ್ಚು. ನೀವು ಹಾಕಿದ ಚಿತ್ರ ನಿಜಕ್ಕೂ ಚೆನ್ನಾಗಿದೆ, ಬೆರಳಲ್ಲಿ ಹಿಗ್ಗಿಸಿದರೆ ಒಂದೊಂದು ಎಳೆಯೂ ಕಾಣುತ್ತದೆ. ಅದನ್ನೇ ಮುಂದಿಟ್ಟುಕೊಂಡು ವರ್ಷವಿಡೀ ನೇಯ್ದೆ. ಒಲೆಯ ಹೊಗೆ ಹಿಡಿಸಿ ಹಳತು ಮಾಡಿದ್ದೇನೆ, ಅಂಚಿನಲ್ಲಿ ಇಲಿ ಕಡಿದ ತೂತನ್ನೂ ಬಿಟ್ಟಿಲ್ಲ. ಇದನ್ನು ನಿಮ್ಮ ಬೀರುವಿನಲ್ಲಿಟ್ಟು ಅಲ್ಲಿರುವುದನ್ನು ಉಟ್ಟುಕೊಂಡು ಹೊರಡು. ಮೊಮ್ಮಗಳು ಒಂದು ದಿನ ಉಟ್ಟರೆ ಅಜ್ಜಿ ಬೇಡ ಅನ್ನುವುದಿಲ್ಲ.