ಹಿಂದಕ್ಕೆ ಹರಿಯುವ ಹೊಳೆ

ಲಂಡನ್, 1969

ದೇವೀರಮ್ಮತ್ತೆ,

ನೀನು ಮಣ್ಣು ಸೇರಿ ಎರಡು ವರ್ಷವಾಯಿತು. ಆದರೂ ಇದನ್ನು ನಿನಗಲ್ಲದೆ ಇನ್ಯಾರಿಗೆ ಬರೆಯಲಿ?

ಇವತ್ತು ನನಗೆ ಆಸ್ಪತ್ರೆಯ ಕೆಲಸದಿಂದ ಮೊದಲ ರಜೆ. ಜೊತೆಯ ನರ್ಸುಗಳು ಅರಮನೆ ನೋಡು, ಮೇಣದ ಬೊಂಬೆ ನೋಡು ಎಂದರು. ನಾನು ನಿನ್ನ ಮಾತಿನಂತೆ ಹೊರಟೆ. ಕಾಫಿ ತೋಟದ ದೊರೆಯ ಮಗುವನ್ನು ಎತ್ತಿಕೊಂಡು ಒಂದು ಬೇಸಿಗೆಯೆಲ್ಲ ಈ ಊರು ಸುತ್ತಿದವಳು ನೀನಲ್ಲವೇ? “ಅಟ್ಟ ಇರೋ ಬಸ್ಸಲ್ಲಿ ಮ್ಯಾಲೆ, ಮುಂದ್ಗಡೆ ಕೂತ್ಕೊ. ಚಳಿಯಾದ್ರೆ ಮ್ಯೂಸಿಯಮ್ಮಿಗೆ ನುಗ್ಬುಡು, ಕಾಸು ಕೇಳಾಕಿಲ್ಲ, ಬೆಚ್ಚಗಿರ್ತದೆ.” ಎರಡೂ ನಿಜವಾಯಿತು.

ಸಂಜೆ ಸೇತುವೆಗೆ ಬಂದೆ. “ಆ ಊರ ಹೊಳೆ ಬೆಳಿಗ್ಗೆ ಅತ್ಲಾಗ್ ಅರೀತದೆ, ಸಂಜೆಗೆ ಇತ್ಲಾಗ್ ಅರೀತದೆ ಕಣವ್ವ” ಎಂದು ನೀನು ನಮ್ಮೂರು ಭೇರ್ಯದ ಜಗಲಿಯಲ್ಲಿ ಹೇಳಿದಾಗ ಎಲ್ಲರೂ ಹೊಟ್ಟೆ ಹಿಡಿದು ನಕ್ಕಿದ್ದರು. ಕೃಷ್ಣರಾಜನಗರದ ಕಾವೇರಿ ಎಂದಾದರೂ ತಿರುಗಿ ಕೊಡಗಿಗೆ ಹರಿದದ್ದುಂಟೇ? ಆಮೇಲೆ ನೀನು ಲಂಡನ್ನಿನ ಕತೆಯನ್ನು ಒಲೆ ಮುಂದೆ ನನಗೊಬ್ಬಳಿಗೇ ಹೇಳುತ್ತಿದ್ದೆ. ಇಷ್ಟು ದೂರ ಬರುವ ಧೈರ್ಯ ನನಗೆ ಬಂದದ್ದು ಅಲ್ಲಿಂದಲೇ. ಹೊಳೆಯ ಮಾತನ್ನು ಮಾತ್ರ ನೀನು ಮತ್ತೆ ಎತ್ತಲಿಲ್ಲ; ನಾನೂ ಕೇಳಲಿಲ್ಲ.

ಬೆಳಿಗ್ಗೆ ಬಸ್ಸಿನಿಂದ ಕಂಡಾಗ ಹೊಳೆ ಕಡಲಿನ ಕಡೆ ಹೋಗುತ್ತಿತ್ತು. ಈಗ ಕಡಲೇ ನೂಕಿದ ಹಾಗೆ, ಒಂದು ಹಲಗೆ ತುಂಡು ಹಿಂದಕ್ಕೆ ತೇಲಿ ಹೋಯಿತು. ಪಕ್ಕದಲ್ಲಿ ನಿಂತಿದ್ದ ಅಜ್ಜನಿಗೆ ಅದನ್ನು ತೋರಿಸಿ ನಮ್ಮ ಮಾತಿನಲ್ಲೇ ಕೂಗಿಬಿಟ್ಟೆ: “ನಮ್ಮತ್ತೆ ಯೋಳಿದ್ದು ದಿಟ ಕಣ್ರೀ!”

ಅವನಿಗೆ ಒಂದಕ್ಷರವೂ ತಿಳಿಯಲಿಲ್ಲ. ಆದರೂ ಟೋಪಿ ತೆಗೆದು, ಹೌದು ಹೌದೆಂದು ತಲೆಯಾಡಿಸಿದ.

ಅತ್ತೆ, ನಿನ್ನ ಹೊಳೆಗೆ ಕಡೆಗೂ ಒಬ್ಬ ಹೌದೆಂದ.

ಚೆಲುವಿ